ತರಾಸಾಫ್ ಮೊಕದ್ದಮೆ ಮತ್ತು ಮನಶ್ಚಿಕಿತ್ಸೆಯ ಗೋಪ್ಯಧರ್ಮ

ಮನಶ್ಚಿಕಿತ್ಸೆ ಮತ್ತು ಆಪ್ತಸಮಾಲೋಚನೆಗಳ ವೃತ್ತಿಧರ್ಮವನ್ನು ಕುರಿತು ಚರ್ಚೆ ನಡೆದಲ್ಲೆಲ್ಲ ಕ್ಯಾಲಿಫೋರ್ನಿಯದ ತರಾಸಾಫ್ ಮೊಕದ್ದಮೆಯ ಹೆಸರು ಒಮ್ಮೆಯಾದರೂ ಕೇಳಿಬರುತ್ತದೆ. ತರಗತಿಯಲ್ಲಿಯೂ ಮಾತುಕತೆಯಲ್ಲಿಯೂ ಅದರ ಕಥೆ ನಾಲ್ಕು ವಾಕ್ಯಗಳಲ್ಲಿ ಮುಗಿದುಹೋಗುವುದು ವಾಡಿಕೆ. ಒಬ್ಬ ಯುವಕನು ತಾನು ಒಬ್ಬ ಯುವತಿಯನ್ನು ಕೊಲ್ಲುವೆನೆಂದು ಚಿಕಿತ್ಸಕನ ಮುಂದೆ ಹೇಳಿದನು. ಚಿಕಿತ್ಸಕನು ರೋಗಿಯ ಗುಟ್ಟನ್ನು ಕಾಯಬೇಕೆಂದು ಸುಮ್ಮನಾದನು. ಯುವತಿ ಕೊಲೆಯಾದಳು. ಇಂಥ ಸಂದರ್ಭದಲ್ಲಿ ಗುಟ್ಟನ್ನು ಒಡೆಯಲೇಬೇಕೆಂದು ನ್ಯಾಯಾಲಯವು ವಿಧಿಸಿತು. ಈ ನಾಲ್ಕರಲ್ಲಿ ಮೊದಲನೆಯದೂ ಮೂರನೆಯದೂ ನಿಜ; ಎರಡನೆಯದು ತಪ್ಪು; ನಾಲ್ಕನೆಯದು ಅರ್ಧಸತ್ಯ. ಚಿಕಿತ್ಸಕನು ಸುಮ್ಮನಿರಲಿಲ್ಲ. ಆತನು ಬಾಯಿಯಿಂದ ಹೇಳಿದನು, ಬಳಿಕ ಕಾಗದದ ಮೇಲೆಯೂ ಬರೆದನು. ಆದರೆ ಆ ಮಾತು ತಲುಪಬೇಕಾದವರನ್ನು ತಲುಪಲಿಲ್ಲ. ಅದು ಏಕೆ ತಲುಪಲಿಲ್ಲ, ಮತ್ತು ನ್ಯಾಯಾಲಯದ ಹೊಣೆಗಾರಿಕೆಯ ಭಾರವೆಲ್ಲ ಕೊನೆಗೆ ಚಿಕಿತ್ಸಕನ ಕೊಠಡಿಯ ಮೇಲೆಯೇ ಏಕೆ ಬಿದ್ದಿತು, ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪ್ರಸ್ತುತ ಲೇಖಕನು ಮನಶ್ಶಾಸ್ತ್ರಜ್ಞನಲ್ಲ, ಇತಿಹಾಸದ ಅಧ್ಯಾಪಕ. ಚಿಕಿತ್ಸೆಯ ವಿಧಾನಗಳನ್ನು ಕುರಿತು ತೀರ್ಪು ಕೊಡುವ ಅಧಿಕಾರ ತನಗಿಲ್ಲವೆಂಬ ಅರಿವಿನಿಂದಲೇ ಈ ಮಾತುಗಳನ್ನು ಬರೆಯಲಾಗಿದೆ.

೧

ವೈದ್ಯನು ರೋಗಿಯ ಗುಟ್ಟನ್ನು ಹೊರಗೆ ಬಿಡಬಾರದೆಂಬ ನಿಯಮ ಬಹು ಹಳೆಯದು. ಗ್ರೀಕ್ ದೇಶದ ಹಿಪೊಕ್ರೆಟಿಸನ ಹೆಸರಿನಲ್ಲಿ ಪ್ರಸಿದ್ಧವಾದ ಪ್ರತಿಜ್ಞೆಯಲ್ಲಿ ಅದು ಇದೆ. ನಮ್ಮ ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ವಿದ್ಯಾರಂಭದ ಕಾಲಕ್ಕೆ ಗುರುವು ಶಿಷ್ಯನಿಗೆ ಮಾಡುವ ಉಪದೇಶದಲ್ಲಿಯೂ ಅದು ಇದೆ. ರೋಗಿಯ ಮನೆಯನ್ನು ಹೊಕ್ಕ ವೈದ್ಯನು ಆ ಮನೆಯ ನಡೆವಳಿಯನ್ನು ಹೊರಗೆ ಪ್ರಕಟಿಸಕೂಡದು. ರೋಗಿಯ ಆಯುಸ್ಸು ಕ್ಷೀಣಿಸುತ್ತಿದೆಯೆಂದು ತಿಳಿದರೂ, ಹೇಳಿದರೆ ರೋಗಿಗಾಗಲಿ ಇತರರಿಗಾಗಲಿ ಆಘಾತವಾಗುವಂತಿದ್ದಲ್ಲಿ ಅದನ್ನು ಹೇಳಕೂಡದು ಎಂಬುದು ಅಲ್ಲಿಯ ವಿಧಿ. ಚರಕನ ದೃಷ್ಟಿ ರೋಗಿಯ ಮನೆತನದ ಮೇಲಿದೆ ಎಂಬುದು ಗಮನಾರ್ಹ. ಕಾಪಾಡಬೇಕಾದದ್ದು ಒಬ್ಬ ವ್ಯಕ್ತಿಯ ಅಂತರಂಗವಷ್ಟೇ ಅಲ್ಲ, ಒಂದು ಕುಲದ ಮರ್ಯಾದೆ. ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ಸತ್ತ್ವಾವಜಯವೆಂಬ ಚಿಕಿತ್ಸೆಯ ಹೆಸರುಂಟು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವುದು ಅದರ ಲಕ್ಷಣ. ಇದನ್ನೇ ಹಿಡಿದು ಆಧುನಿಕ ಮನಶ್ಚಿಕಿತ್ಸೆಯೆಲ್ಲ ನಮ್ಮಲ್ಲಿ ಆಗಲೇ ಇತ್ತೆಂದು ಸಾಧಿಸುವವರಿದ್ದಾರೆ. ಅಷ್ಟು ದೂರ ಹೋಗಲು ಆಧಾರ ಸಾಲದು.

ಗುಟ್ಟಿನ ಇನ್ನೊಂದು ಪರಂಪರೆ ಯೂರೋಪಿನ ಕ್ರೈಸ್ತ ಮಠಗಳಿಂದ ಬಂದದ್ದು. ೧೨೧೫ರಲ್ಲಿ ಸೇರಿದ ನಾಲ್ಕನೆಯ ಲ್ಯಾಟರನ್ ಪರಿಷತ್ತು, ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆಡಹಿದ ಪಾದ್ರಿಯನ್ನು ಪದಚ್ಯುತಗೊಳಿಸಿ ಕಠಿಣವಾದ ಮಠವೊಂದರಲ್ಲಿ ಆಜೀವ ಪ್ರಾಯಶ್ಚಿತ್ತಕ್ಕೆ ಗುರಿಪಡಿಸಬೇಕೆಂದು ವಿಧಿಸಿತು. ವೈದ್ಯನ ಸ್ಥಿತಿ ಬೇರೆ. ೧೭೭೬ರಲ್ಲಿ ಇಂಗ್ಲೆಂಡಿನ ಕಿಂಗ್‌ಸ್ಟನ್ ಡಚೆಸ್ಸಳ ವಿಚಾರಣೆಯಲ್ಲಿ ಶಸ್ತ್ರವೈದ್ಯನೊಬ್ಬನು ತನ್ನ ವೃತ್ತಿಯ ಗುಟ್ಟನ್ನು ಹೇಳಲು ಹಿಂಜರಿದಾಗ, ನ್ಯಾಯಾಲಯದಲ್ಲಿ ಆ ಹಿಂಜರಿಕೆಗೆ ಎಡೆಯಿಲ್ಲವೆಂದು ನಿರ್ಣಯವಾಯಿತು. ವಕೀಲನು ತನ್ನ ಕಕ್ಷಿದಾರನ ಮಾತನ್ನು ಮುಚ್ಚಿಡಬಹುದು, ವೈದ್ಯನು ಮುಚ್ಚಿಡಲಾಗದು. ಅಮೆರಿಕದಲ್ಲಿ ನ್ಯೂಯಾರ್ಕ್ ಸಂಸ್ಥಾನವು ೧೮೨೮ರ ಶಾಸನದಿಂದ ವೈದ್ಯನಿಗೂ ಆ ಹಕ್ಕನ್ನು ಕೊಟ್ಟಿತು. ಇಂಗ್ಲಿಷ್ ನ್ಯಾಯಪದ್ಧತಿಯ ನೆರಳಿನಲ್ಲಿ ೧೮೭೨ರಲ್ಲಿ ರಚಿತವಾದ ಭಾರತದ ಸಾಕ್ಷ್ಯ ಅಧಿನಿಯಮವು ವಕೀಲನ ಗುಟ್ಟಿಗೂ ದಂಪತಿಗಳ ಗುಟ್ಟಿಗೂ ರಕ್ಷಣೆಯನ್ನು ಕೊಟ್ಟಿತು. ವೈದ್ಯನ ಗುಟ್ಟಿಗೆ ಕೊಡಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾತಿನ ಮೂಲಕವೇ ಚಿಕಿತ್ಸೆ ನಡೆಯುವ ಪದ್ಧತಿ ಬೆಳೆದಾಗ ಈ ಹಳೆಯ ನಿಯಮದ ಸ್ವರೂಪವೇ ಬದಲಾಯಿತು. ಜ್ವರಕ್ಕೆ ಕಷಾಯ ಕೊಡುವ ವೈದ್ಯನು ರೋಗಿಯ ಗುಟ್ಟನ್ನು ಬಿಟ್ಟುಕೊಟ್ಟರೆ ಮಾನಹಾನಿಯಾದೀತು. ಕಷಾಯದ ಗುಣ ಕೆಡುವುದಿಲ್ಲ. ಮನಶ್ಚಿಕಿತ್ಸಕನಿಗಾದರೋ ರೋಗಿಯ ನಿಸ್ಸಂಕೋಚವಾದ ಮಾತೇ ಔಷಧ. ಮಾತು ಹೊರಗೆ ಹೋಗುತ್ತದೆಂಬ ಸಂದೇಹ ಬಂದ ಗಳಿಗೆಯಲ್ಲಿ ಔಷಧವೇ ಬತ್ತಿಹೋಗುತ್ತದೆ. ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡನಿಗೆ ಇದು ಚೆನ್ನಾಗಿ ಗೊತ್ತಿತ್ತು. ೧೯೦೦ರ ಕೊನೆಯ ತಿಂಗಳುಗಳಲ್ಲಿ ತಾನು ಚಿಕಿತ್ಸೆ ಮಾಡಿದ ಒಬ್ಬ ತರುಣಿಯ ವೃತ್ತಾಂತವನ್ನು ಆತನು ೧೯೦೫ರವರೆಗೆ ಅಚ್ಚಿಗೆ ಕೊಡಲಿಲ್ಲ. ಕೊಟ್ಟಾಗ ಆಕೆಗೆ ಡೋರಾ ಎಂಬ ಕಲ್ಪಿತ ನಾಮವನ್ನಿಟ್ಟನು. ತನ್ನ ಊರಿನ ಕೆಲವು ವೈದ್ಯರು ಇದನ್ನು ಶಾಸ್ತ್ರವೆಂದು ಓದದೆ, ಪಾತ್ರಗಳು ಯಾರೆಂದು ಊಹಿಸುವ ಮೋಜಿಗಾಗಿ ಓದಿಯಾರೆಂದು ಮುನ್ನುಡಿಯಲ್ಲಿ ಕಟುವಾಗಿಯೇ ಬರೆದನು. ಆದರೂ ಅಚ್ಚಿಗೆ ಕೊಟ್ಟನೆಂಬುದನ್ನು ಮರೆಯಬಾರದು. ಒಬ್ಬ ರೋಗಿಯ ಹಿತಕ್ಕಿಂತ ಮುಂದಿನ ಅನೇಕ ರೋಗಿಗಳ ಹಿತ ದೊಡ್ಡದೆಂಬುದು ಆತನ ಸಮರ್ಥನೆ. ಗುಟ್ಟನ್ನು ಒಡೆಯುವ ಕಾರಣಗಳ ಪಟ್ಟಿ ಹೀಗೆ ಮನಶ್ಚಿಕಿತ್ಸೆಯೊಡನೆಯೇ ಹುಟ್ಟಿತೆನ್ನಬಹುದು.

ಅಮೆರಿಕದ ಮನೋವಿಜ್ಞಾನ ಸಂಘವು ತನ್ನ ನೀತಿಸಂಹಿತೆಯನ್ನು ರಚಿಸಿದ ಬಗೆ ಇತಿಹಾಸದ ವಿದ್ಯಾರ್ಥಿಗೆ ವಿಶೇಷ ಆಸಕ್ತಿಯ ವಿಷಯ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ಚಿಕಿತ್ಸೆಗಾಗಿ ಮನೋವಿಜ್ಞಾನಿಗಳ ಬೇಡಿಕೆ ಒಮ್ಮೆಲೇ ಏರಿತ್ತು. ಪ್ರಯೋಗಶಾಲೆಯವರು ಚಿಕಿತ್ಸಾಲಯಕ್ಕೆ ಬಂದಿದ್ದರು. ನಿಕೊಲಾಸ್ ಹಾಬ್ಸ್ ಅವರ ಅಧ್ಯಕ್ಷತೆಯ ಸಮಿತಿಯು ತತ್ತ್ವಗಳನ್ನು ಮೊದಲು ಬರೆದು ಸದಸ್ಯರಿಗೆ ಒಪ್ಪಿಸಲಿಲ್ಲ. ಸುಮಾರು ೭,೫೦೦ ಸದಸ್ಯರಿಗೆ ಪತ್ರ ಬರೆದು, ನೀತಿಯ ಪ್ರಶ್ನೆ ಎದುರಾದ ಒಂದು ಸಂದರ್ಭವನ್ನು ತಮ್ಮ ಸ್ವಂತ ಅನುಭವದಿಂದ ಬರೆದು ಕಳುಹಿಸಿರೆಂದು ಕೇಳಿತು. ಸಾವಿರಕ್ಕೂ ಮಿಕ್ಕಿ ಉತ್ತರಗಳು ಬಂದವು. ಆ ಸಂದರ್ಭಗಳನ್ನು ವಿಂಗಡಿಸಿ ೧೯೫೩ರಲ್ಲಿ ಮೊದಲ ಸಂಹಿತೆ ಪ್ರಕಟವಾಯಿತು. ಕಾನೂನುಗಳು ಮೇಲಿನಿಂದ ಇಳಿದುಬರುವುದನ್ನೇ ಕಂಡ ನಮಗೆ, ಕಡತದಿಂದ ತತ್ತ್ವಕ್ಕೆ ಏರಿದ ಈ ಕ್ರಮ ಮೆಚ್ಚತಕ್ಕದ್ದಾಗಿ ತೋರುತ್ತದೆ. ಅಮೆರಿಕದ ವೈದ್ಯಸಂಘವು ೧೯೫೭ರಲ್ಲಿ ತನ್ನ ನೀತಿತತ್ತ್ವಗಳನ್ನು ಸಂಗ್ರಹಿಸಿದಾಗ, ಕಾನೂನು ಒತ್ತಾಯಿಸಿದಲ್ಲಿ, ಇಲ್ಲವೆ ವ್ಯಕ್ತಿಯ ಅಥವಾ ಸಮಾಜದ ಹಿತಕ್ಕೆ ಅವಶ್ಯವಾದಲ್ಲಿ ಗುಟ್ಟನ್ನು ಪ್ರಕಟಿಸಬಹುದೆಂಬ ಅಪವಾದಕ್ಕೆ ಎಡೆಗೊಟ್ಟಿತು. ೧೯೬೯ರ ಘಟನೆಗಳಿಗೆ ಬರುವ ಮುನ್ನ ಈ ಅಂಶವನ್ನು ನೆನಪಿನಲ್ಲಿಡಬೇಕು. ಅಪಾಯದ ಸಂದರ್ಭದಲ್ಲಿ ಬಾಯಿ ತೆರೆಯಲು ಅನುಮತಿ ಆಗಲೇ ಇತ್ತು.

೨

ಬಂಗಾಳದಲ್ಲಿ ಅಸ್ಪೃಶ್ಯವೆಂದು ದೂರವಿರಿಸಲ್ಪಟ್ಟಿದ್ದ ಜಾತಿಯೊಂದರಲ್ಲಿ ಹುಟ್ಟಿದ ಯುವಕನೊಬ್ಬನು ೧೯೬೭ರ ಸೆಪ್ಟೆಂಬರಿನಲ್ಲಿ, ಹಡಗು ನಿರ್ಮಾಣ ಶಾಸ್ತ್ರದಲ್ಲಿ ಉನ್ನತ ವ್ಯಾಸಂಗಕ್ಕಾಗಿ, ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕಲಿ ಕೇಂದ್ರಕ್ಕೆ ಬಂದನು. ಆತನ ಹೆಸರು ನ್ಯಾಯಗ್ರಂಥಗಳಲ್ಲಿದೆ. ಇಲ್ಲಿ ಅದರ ಆವಶ್ಯಕತೆಯಿಲ್ಲ. ವಿದೇಶೀ ವಿದ್ಯಾರ್ಥಿಗಳ ವಸತಿಗೃಹದಲ್ಲಿ ನಡೆಯುತ್ತಿದ್ದ ಜಾನಪದ ನೃತ್ಯದ ತರಗತಿಯಲ್ಲಿ, ೧೯೬೮ರ ಶರತ್ಕಾಲದಲ್ಲಿ, ತಾಟಿಯಾನಾ ತರಾಸಾಫ್ ಎಂಬ ಯುವತಿಯ ಪರಿಚಯವಾಯಿತು. ಹೊಸ ವರ್ಷದ ಹಿಂದಿನ ರಾತ್ರಿ ಆಕೆ ಆತನಿಗೆ ಒಂದು ಮುತ್ತನ್ನಿತ್ತಳು. ಆ ನಾಡಿನಲ್ಲಿ ಅದು ಹಬ್ಬದ ರಾತ್ರಿಯ ಸಲುಗೆ; ಆತನಿಗೆ ಅದು ವಾಗ್ದಾನವಾಗಿ ತೋರಿತು. ತನಗೆ ಅಂಥ ಉದ್ದೇಶವಿಲ್ಲವೆಂದು ಆಕೆ ಸ್ಪಷ್ಟವಾಗಿ ಹೇಳಿದಳು. ಆತನು ಖಿನ್ನನಾದನು, ಓದನ್ನೂ ದೇಹವನ್ನೂ ಅಲಕ್ಷ್ಯ ಮಾಡಿದನು, ಆಕೆಯೊಡನೆ ಆಡಿದ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ಅವುಗಳಲ್ಲಿ ಅರ್ಥವನ್ನು ಹುಡುಕುತ್ತ ಕುಳಿತನು.

ಈ ಭಾಗವನ್ನು ಓದುವ ಭಾರತೀಯನ ಮನಸ್ಸು ಒಂದು ಕಡೆಗೆ ವಾಲುವುದು ಸಹಜ. ದೂರದೇಶದಲ್ಲಿ ಒಬ್ಬಂಟಿಯಾದ ಬಡ ಹುಡುಗ, ಭಾಷೆಯ ಸೂಕ್ಷ್ಮ ತಿಳಿಯದು, ಸಂಪ್ರದಾಯ ತಿಳಿಯದು, ಎಂದು ಎಲ್ಲವನ್ನೂ ಸಂಸ್ಕೃತಿಗಳ ಘರ್ಷಣೆಯ ಮೇಲೆ ಹೊರಿಸಿಬಿಡುವುದು ಸುಲಭ. ಸಮಾಲೋಚಕನು ತನ್ನೆದುರಿನ ವ್ಯಕ್ತಿಯ ನಾಡು ನುಡಿಗಳನ್ನು ಅರಿತಿರಬೇಕೆಂಬುದು ನಿಜ. ಆ ನಿಯಮ ಈಗಿನ ಸಂಹಿತೆಗಳಲ್ಲೆಲ್ಲ ಸೇರಿಹೋಗಿದೆ. ಆದರೆ ಬೇಡವೆಂದ ಹೆಣ್ಣಿನ ಮಾತು ಯಾವ ಭಾಷೆಯಲ್ಲಿಯೂ ಅಷ್ಟು ದುರ್ಬೋಧವಲ್ಲ. ಅದೇ ರೀತಿ ಒಂಟಿಯಾಗಿ ಅದೇ ಊರಿಗೆ ಹೋದ ಎಷ್ಟೋ ಜನ ಯಾರಿಗೂ ಕೇಡು ಮಾಡದೆ ಪದವಿ ಪಡೆದು ಹಿಂದಿರುಗಿದ್ದಾರೆ.

೧೯೬೯ರ ಬೇಸಗೆಯಲ್ಲಿ ತಾಟಿಯಾನಾ ಬ್ರೆಜಿಲ್ ದೇಶಕ್ಕೆ ಹೋದಳು. ಆಕೆ ಊರಿನಲ್ಲಿಲ್ಲದಿದ್ದಾಗ ಯುವಕನ ಸ್ಥಿತಿ ತುಸು ಸುಧಾರಿಸಿತು; ಗೆಳೆಯನ ಸಲಹೆಯಂತೆ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕೋವೆಲ್ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ತಾನಾಗಿಯೇ ಹೋದನು. ಮನೋವೈದ್ಯರೊಬ್ಬರು ಮೊದಲು ನೋಡಿ, ಬಳಿಕ ಮನೋವಿಜ್ಞಾನಿ ಲಾರೆನ್ಸ್ ಮೂರ್ ಅವರಿಗೆ ಒಪ್ಪಿಸಿದರು. ಕೆಲವು ಭೇಟಿಗಳಾದ ಮೇಲೆ, ಬ್ರೆಜಿಲ್‌ನಿಂದ ಮರಳಿದ ಕೂಡಲೆ ಆ ಹುಡುಗಿಯನ್ನು ಕೊಲ್ಲುವ ಇಚ್ಛೆಯನ್ನು ಆತನು ಮೂರ್ ಅವರ ಮುಂದೆ ಪ್ರಕಟಿಸಿದನು. ಹೆಸರನ್ನು ಹೇಳಲಿಲ್ಲ; ಆದರೆ ಯಾರೆಂದು ತಿಳಿಯುವುದು ಕಷ್ಟವಾಗಿರಲಿಲ್ಲ.

ಇಲ್ಲಿಂದ ಮುಂದೆ ಪ್ರತಿಯೊಂದು ಹೆಜ್ಜೆಯೂ ಗಮನಿಸತಕ್ಕದ್ದು. ಆಗಸ್ಟ್ ೨೦ರಂದು ಮೂರ್ ಅವರು, ಮೊದಲು ಪರೀಕ್ಷಿಸಿದ ಮನೋವೈದ್ಯರ ಮತ್ತು ವಿಭಾಗದ ಸಹಾಯಕ ಮುಖ್ಯಸ್ಥರ ಸಮ್ಮತಿಯನ್ನು ಪಡೆದು, ಯುವಕನನ್ನು ಆಸ್ಪತ್ರೆಯಲ್ಲಿ ಕಾವಲಿನಲ್ಲಿರಿಸಿ ಪರೀಕ್ಷಿಸಬೇಕೆಂದು ವಿಶ್ವವಿದ್ಯಾನಿಲಯದ ಪೊಲೀಸರಿಗೆ ಬಾಯಿಮಾತಿನಲ್ಲಿ ತಿಳಿಸಿದರು. ಬಳಿಕ ಪೊಲೀಸ್ ಮುಖ್ಯಸ್ಥರಿಗೆ ಪತ್ರವನ್ನೂ ಬರೆದರು. ಅಪಾಯಕಾರಿಯಾದ ಮನೋರೋಗಿಯನ್ನು ಎಪ್ಪತ್ತೆರಡು ಗಂಟೆಗಳ ಕಾಲ ತಡೆಹಿಡಿದು ಪರೀಕ್ಷಿಸಲು ಅವಕಾಶವಿತ್ತ ಕ್ಯಾಲಿಫೋರ್ನಿಯದ ಹೊಸ ಶಾಸನವು ಪೂರ್ಣವಾಗಿ ಜಾರಿಗೆ ಬಂದದ್ದು ಅದೇ ವರ್ಷದ ಜುಲೈ ೧ರಂದು. ಅಂದರೆ ಶಾಸನಕ್ಕೆ ಆಗ ಏಳು ವಾರಗಳ ವಯಸ್ಸು. ಅದನ್ನು ನಡೆಸಬೇಕಾದವರಿಗೆ ಅದರ ರೂಢಿ ಇನ್ನೂ ಆಗಿರಲಿಲ್ಲವೆಂದು ಊಹಿಸಿದರೆ ಅನ್ಯಾಯವಾಗದು. ಮೂವರು ಪೊಲೀಸರು ಯುವಕನನ್ನು ಹಿಡಿದರು, ಮಾತನಾಡಿಸಿದರು, ಆತನ ಬುದ್ಧಿ ಸ್ವಸ್ಥವಾಗಿದೆಯೆಂದು ಭಾವಿಸಿದರು. ಹುಡುಗಿಯ ಗೊಡವೆಗೆ ಹೋಗುವುದಿಲ್ಲವೆಂಬ ಮಾತನ್ನು ಪಡೆದು ಬಿಟ್ಟುಬಿಟ್ಟರು. ಆ ಬಳಿಕ ವಿಭಾಗದ ಮುಖ್ಯಸ್ಥರು ಮೂರ್ ಅವರ ಪತ್ರವನ್ನು ಹಿಂದಿರುಗಿಸುವಂತೆ ಪೊಲೀಸರನ್ನು ಕೇಳಿದರು. ಪತ್ರದ ಎಲ್ಲ ಪ್ರತಿಗಳನ್ನೂ ಚಿಕಿತ್ಸೆಯ ಟಿಪ್ಪಣಿಗಳನ್ನೂ ನಾಶಪಡಿಸಬೇಕೆಂದು ಆಜ್ಞೆ ಮಾಡಿದರು. ಯುವಕನನ್ನು ತಡೆಹಿಡಿಯಲು ಯಾವ ಕ್ರಮವನ್ನೂ ಕೈಕೊಳ್ಳಕೂಡದೆಂದರು.

ತನ್ನ ಮಾತು ಪೊಲೀಸರ ಕಿವಿಗೆ ಬಿದ್ದಿತೆಂದು ತಿಳಿದ ಯುವಕನು ಮತ್ತೆ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಲಿಲ್ಲ. ತಾಟಿಯಾನಾಳ ಸಹೋದರನನ್ನು ಒಡಂಬಡಿಸಿ, ಅವಳ ಮನೆಗೆ ಸಮೀಪದಲ್ಲಿ ಅವನೊಡನೆ ಕೊಠಡಿ ಹಿಡಿದನು. ಅಕ್ಟೋಬರ್ ೨೭ರಂದು, ಆಕೆ ಬ್ರೆಜಿಲ್‌ನಿಂದ ಮರಳಿದ ಸ್ವಲ್ಪ ಕಾಲದಲ್ಲಿಯೇ, ಮನೆಗೆ ಹೋಗಿ ಆಕೆಯನ್ನು ಕೊಂದನು. ಬಳಿಕ ತಾನೇ ಪೊಲೀಸರನ್ನು ಕರೆದನು. ಆಗಸ್ಟ್ ೨೦ರಿಂದ ಅಕ್ಟೋಬರ್ ೨೭ಕ್ಕೆ ಅರವತ್ತೆಂಟು ದಿನಗಳು. ಅಷ್ಟು ದಿನಗಳಲ್ಲಿ ಆಕೆಗಾಗಲಿ ತಂದೆತಾಯಿಗಳಿಗಾಗಲಿ ಯಾರೂ ಒಂದು ಮಾತನ್ನು ಹೇಳಲಿಲ್ಲ. ಕೊಲೆಗಾರನೊಡನೆ ಒಂದೇ ಸೂರಿನಡಿ ಇದ್ದ ಸಹೋದರನಿಗೂ ಹೇಳಲಿಲ್ಲ.

ಯುವಕನಿಗೆ ಎರಡನೆಯ ದರ್ಜೆಯ ಕೊಲೆಯ ಅಪರಾಧಕ್ಕಾಗಿ ಶಿಕ್ಷೆಯಾಯಿತು. ೧೯೭೪ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು, ಜ್ಯೂರಿಗೆ ಕೊಟ್ಟ ತಿಳಿವಳಿಕೆಯಲ್ಲಿ ದೋಷವಿತ್ತೆಂಬ ಕಾರಣದಿಂದ ಆ ತೀರ್ಮಾನವನ್ನು ರದ್ದುಗೊಳಿಸಿತು. ಮರುವಿಚಾರಣೆ ನಡೆಯಲಿಲ್ಲ, ಭಾರತಕ್ಕೆ ಹಿಂದಿರುಗುವುದೆಂಬ ಕರಾರಿನ ಮೇಲೆ ಆತನ ಬಿಡುಗಡೆಯಾಯಿತು.

೩

ತಾಟಿಯಾನಾಳ ತಂದೆತಾಯಿಗಳು ವಿಶ್ವವಿದ್ಯಾನಿಲಯದ ಆಡಳಿತಮಂಡಲಿ, ಚಿಕಿತ್ಸಕರು ಮತ್ತು ಪೊಲೀಸರ ಮೇಲೆ ಹೂಡಿದ ದಾವೆಯೇ ತರಾಸಾಫ್ ಮೊಕದ್ದಮೆ. ಅವರ ಆರೋಪಗಳಲ್ಲಿ ಮುಖ್ಯವಾದವು ಎರಡು. ಅಪಾಯಕಾರಿಯಾದ ರೋಗಿಯನ್ನು ತಡೆಹಿಡಿಯಲಿಲ್ಲವೆಂಬುದು ಒಂದು. ಅಪಾಯವನ್ನು ತಮಗೆ ತಿಳಿಸಲಿಲ್ಲವೆಂಬುದು ಇನ್ನೊಂದು. ಸಾಮಾನ್ಯ ಬುದ್ಧಿಗೆ ಮೊದಲನೆಯದೇ ಹೆಚ್ಚಿನದಾಗಿ ತೋರುತ್ತದೆ. ತಡೆಹಿಡಿಯಬಹುದಾದವನನ್ನು ಕೈಗೆ ಸಿಕ್ಕಮೇಲೂ ಬಿಟ್ಟುಕೊಟ್ಟದ್ದು, ಆ ಸಂಬಂಧದ ಕಾಗದಗಳನ್ನು ನಾಶಮಾಡೆಂದದ್ದು, ಮೂಲದೋಷಗಳಲ್ಲವೆ? ಆದರೆ ಕ್ಯಾಲಿಫೋರ್ನಿಯದ ಸರಕಾರೀ ಸಂಹಿತೆಯಂತೆ, ಮನೋರೋಗಿಯನ್ನು ತಡೆಹಿಡಿಯಬೇಕೋ ಬಿಡಬೇಕೋ ಎಂಬ ನಿರ್ಣಯಕ್ಕಾಗಿ ಸಾರ್ವಜನಿಕ ಸೇವಕನನ್ನು ಹೊಣೆಗಾರನನ್ನಾಗಿ ಮಾಡುವಂತಿಲ್ಲ. ವಿಶ್ವವಿದ್ಯಾನಿಲಯ ಸರಕಾರದ್ದು, ಅದರ ವೈದ್ಯರೂ ಪೊಲೀಸರೂ ಸಾರ್ವಜನಿಕ ಸೇವಕರು. ಮೊದಲನೆಯ ಬಾಗಿಲು ಹೀಗೆ ಮುಚ್ಚಿತು. ತೆರೆದುಳಿದದ್ದು ಎರಡನೆಯದು, ಎಚ್ಚರಿಕೆ ಕೊಡಲಿಲ್ಲವೆಂಬುದು.

ಎಚ್ಚರಿಸುವ ಕರ್ತವ್ಯವೆಂದು ಇಂದು ಜಗತ್ತಿನ ಪಠ್ಯಗಳಲ್ಲೆಲ್ಲ ಬೆಳಗುತ್ತಿರುವ ತತ್ತ್ವ ಪ್ರಸಿದ್ಧಿಗೆ ಬಂದದ್ದು ಈ ಇಕ್ಕಟ್ಟಿನ ದಾರಿಯಲ್ಲಿ. ಗುಟ್ಟಿನ ಸ್ವರೂಪವನ್ನು ಕುರಿತ ಶುದ್ಧ ಚಿಂತನೆಯಷ್ಟೇ ಅದರ ಮೂಲವಲ್ಲ. ಸರಕಾರೀ ನೌಕರನಿಗೆ ಕೊಟ್ಟ ವಿನಾಯಿತಿಯ ಪಕ್ಕದಲ್ಲಿ ಉಳಿದಿದ್ದ ಸಂದಿನಿಂದ ಅದು ಹೊರಬಂದಿತು. ಇದರಿಂದ ತತ್ತ್ವದ ಬೆಲೆ ಕಡಿಮೆಯಾಗುತ್ತದೆಂದು ಹೇಳುವುದು ಲೇಖಕನ ಅಭಿಪ್ರಾಯವಲ್ಲ. ಅದರ ಆಕಾರ ಹೀಗೇಕೆ ಆಯಿತೆಂಬುದಕ್ಕೆ ಇಲ್ಲಿ ಉತ್ತರವಿದೆ.

೧೯೭೪ರ ಡಿಸೆಂಬರ್ ೨೩ರಂದು ಬಂದ ಮೊದಲ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿಕಿತ್ಸಕರಿಗೆ ಎಚ್ಚರಿಸುವ ಹೊಣೆಯುಂಟೆಂದಿತು. ಆಗ ಪೊಲೀಸರೂ ಹೊಣೆಯ ವ್ಯಾಪ್ತಿಗೆ ಸೇರಿದ್ದರು. ವೃತ್ತಿಯವರ ಕೋಲಾಹಲ ದೊಡ್ಡದಾಯಿತು; ಮನೋವೈದ್ಯರ ಸಂಘವೂ ಇತರರೂ ಮರುಪರಿಶೀಲನೆಯನ್ನು ಕೋರಿದರು. ನ್ಯಾಯಾಲಯ ಅದಕ್ಕೆ ಒಪ್ಪಿ, ೧೯೭೬ರ ಜುಲೈ ೧ರಂದು ಎರಡನೆಯ ತೀರ್ಪನ್ನು ಕೊಟ್ಟಿತು. ನ್ಯಾಯಾಧೀಶ ಮ್ಯಾಥ್ಯೂ ಟೋಬ್ರಿನರ್ ಬರೆದ ಈ ಬಹುಮತದ ತೀರ್ಪಿನಲ್ಲಿ ಹಿಂದಿನ ಎಚ್ಚರಿಸುವ ಹೊಣೆ ವಿಸ್ತಾರಗೊಂಡು, ಅಪಾಯಕ್ಕೆ ಗುರಿಯಾದವರನ್ನು ರಕ್ಷಿಸಲು ಯುಕ್ತವಾದ ಎಚ್ಚರವನ್ನು ವಹಿಸುವ ಹೊಣೆಯಾಯಿತು. ರೋಗಿಯು ಗಂಭೀರವಾದ ಅಪಾಯವೊಡ್ಡುವನೆಂದು ಚಿಕಿತ್ಸಕನು ಕಂಡುಕೊಂಡಾಗ, ಅಥವಾ ವೃತ್ತಿಯ ಮಟ್ಟಕ್ಕೆ ಅನುಸಾರವಾಗಿ ಕಂಡುಕೊಳ್ಳಬೇಕಾಗಿದ್ದಾಗ, ಈ ಹೊಣೆ ಹುಟ್ಟುತ್ತದೆ. ಅದನ್ನು ನೆರವೇರಿಸುವ ದಾರಿಗಳು ಹಲವು: ಗುರಿಯಾದವರನ್ನೋ ಅವರಿಗೆ ತಿಳಿಸಬಲ್ಲವರನ್ನೋ ಎಚ್ಚರಿಸುವುದು, ಪೊಲೀಸರಿಗೆ ಸುದ್ದಿ ಕೊಡುವುದು, ಸಂದರ್ಭಕ್ಕೆ ತಕ್ಕ ಬೇರೆ ಕ್ರಮ. ಇದೇ ತೀರ್ಪಿನಲ್ಲಿ ಪೊಲೀಸರನ್ನು ಹೊಣೆಯಿಂದ ಬಿಡಲಾಯಿತು.

ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿರಿಸಿ ಓದಿದರೆ ಒಂದು ವೈಚಿತ್ರ್ಯ ಕಣ್ಣಿಗೆ ಬೀಳುತ್ತದೆ. ಪೊಲೀಸರಿಗೆ ಸುದ್ದಿ ಕೊಡುವುದು ರಕ್ಷಣೆಯ ದಾರಿಗಳಲ್ಲಿ ಒಂದೆಂದು ೧೯೭೬ರ ನ್ಯಾಯಾಲಯ ಹೇಳಿತು. ಮೂರ್ ಅವರು ೧೯೬೯ರಲ್ಲಿ ಮಾಡಿದ್ದು ಅದನ್ನೇ. ಸುದ್ದಿಯನ್ನು ಪಡೆದು ವ್ಯರ್ಥಗೊಳಿಸಿದವರು ಹೊಣೆಯಿಂದ ಪಾರಾದರು. ಕೊಟ್ಟವರ ವೃತ್ತಿ ಹೊಣೆಯನ್ನು ಹೊತ್ತಿತು. ನ್ಯಾಯಾಧೀಶ ಮೋಸ್ಕ್ ಇದರ ಒಂದು ಮಗ್ಗುಲನ್ನು ಕಂಡಿದ್ದರು. ಈ ಚಿಕಿತ್ಸಕರು ನಿಜವಾಗಿಯೂ ಅಪಾಯವನ್ನು ಮುಂಗಂಡಿದ್ದರಾದ್ದರಿಂದ ಮಾತ್ರವೇ ತಾವು ಫಲಿತಾಂಶಕ್ಕೆ ಒಪ್ಪಿದ್ದೇವೆ, ಕಾಣಬೇಕಾಗಿತ್ತೆಂಬ ಮಾನದಂಡವನ್ನು ಒಪ್ಪಲಾರೆವು, ಎಂಬುದು ಅವರ ನಿಲುವು. ಹಿಂಸೆಯನ್ನು ಮುಂಗಾಣುವ ಶಾಸ್ತ್ರ ಅಷ್ಟು ಪಕ್ವವಾಗಿಲ್ಲವೆಂಬುದು ಅವರ ಕಾರಣ. ನ್ಯಾಯಾಧೀಶ ಕ್ಲಾರ್ಕ್ ಪೂರ್ಣವಾಗಿ ಭಿನ್ನಮತ ತಾಳಿದರು. ಗುಟ್ಟು ಉಳಿಯುವುದಿಲ್ಲವೆಂದರೆ ಚಿಕಿತ್ಸೆ ಬೇಕಾದವರು ಬಾಗಿಲಿಗೇ ಬರಲಾರರು, ಬಂದವರು ಮನಸ್ಸನ್ನು ತೆರೆಯಲಾರರು, ತೆರೆದವರ ನಂಬಿಕೆ ಉಳಿಯದು; ಆದ್ದರಿಂದ ಸಮಾಜದಲ್ಲಿ ಹಿಂಸೆ ಹೆಚ್ಚಬಹುದೇ ಹೊರತು ಕಡಿಮೆಯಾಗದು ಎಂದು ವಾದಿಸಿದರು. ಯುವಕನು ಪೊಲೀಸರ ಭೇಟಿಯ ನಂತರ ಆಸ್ಪತ್ರೆಗೆ ಬಾರದೆ ಹೋದದ್ದು ಈ ವಾದಕ್ಕೆ ಬಲವಾದ ಸಾಕ್ಷ್ಯ. ಆದರೆ ಅದು ಬಹುಮತದ ವಾದಕ್ಕೂ ಸಾಕ್ಷ್ಯವೇ. ನಂಬಿಕೆ ಮುರಿದುಹೋದ ಮೇಲೆ ಉಳಿದಿದ್ದ ಒಂದೇ ರಕ್ಷಣೆ ಆ ಹುಡುಗಿಗೆ ಸುದ್ದಿ ತಿಳಿಸುವುದು.

ಈ ಮೊಕದ್ದಮೆಯಲ್ಲಿ ಇನ್ನೊಂದು ಸಂಗತಿಯುಂಟು. ನ್ಯಾಯಾಲಯ ನಿರ್ಣಯಿಸಿದ್ದು, ವಾದಿಗಳು ಹೇಳಿದ್ದೆಲ್ಲ ನಿಜವೆಂದು ಇಟ್ಟುಕೊಂಡರೆ ಕಾನೂನಿನಲ್ಲಿ ದಾವೆ ನಿಲ್ಲುವುದೇ ಎಂಬ ಪ್ರಾರಂಭದ ಪ್ರಶ್ನೆಯನ್ನು. ಮುಂದೆ ಸಾಕ್ಷಿಗಳ ವಿಚಾರಣೆ ನಡೆಯುವ ಮೊದಲೇ ಪಕ್ಷಗಳು ರಾಜಿಯಾದವು. ಹೀಗಾಗಿ ಪತ್ರವನ್ನು ಹಿಂದಕ್ಕೆ ಪಡೆದು ನಾಶಪಡಿಸಲು ಕೊಟ್ಟ ಆಜ್ಞೆಯ ಕಥೆ ಸಿವಿಲ್ ನ್ಯಾಯಾಲಯದಲ್ಲಿ ಎಂದೂ ಪ್ರಮಾಣಕ್ಕೆ ಒಳಗಾಗಲಿಲ್ಲ. ನಾವು ಓದುವ ವೃತ್ತಾಂತಕ್ಕೆ ವಾದಪತ್ರವೇ ಬಹುಮಟ್ಟಿಗೆ ಆಧಾರ. ಶಾಸನದ ಪಾಠವನ್ನು ಓದುವವನು ಕಲ್ಲು ಯಾರ ಖರ್ಚಿನಿಂದ ನಿಂತಿತೆಂದು ಕೇಳುವಂತೆ, ಇಲ್ಲಿಯೂ ಈ ಕಥೆ ಯಾರ ಬಾಯಿಂದ ಬಂದದ್ದೆಂದು ಕೇಳದೆ ಮುಂದೆ ಹೋಗುವಂತಿಲ್ಲ. ಆ ವಿಭಾಗದ ಮುಖ್ಯಸ್ಥರಿಗೆ ತಮ್ಮದೇ ಆದ ಕಾರಣಗಳಿದ್ದಿರಬಹುದು. ರೋಗಿಯ ಹೆಸರು ಪೊಲೀಸ್ ಕಡತವನ್ನು ಸೇರಕೂಡದೆಂಬುದು, ಅದರಲ್ಲಿಯೂ ವಿದ್ಯಾರ್ಥಿಗಳಿಗೂ ಪೊಲೀಸರಿಗೂ ಬೀದಿಯಲ್ಲಿ ಘರ್ಷಣೆ ನಡೆಯುತ್ತಿದ್ದ ೧೯೬೯ರ ಬರ್ಕಲಿಯಲ್ಲಿ, ಒಪ್ಪಬಹುದಾದ ಕಾಳಜಿಯೇ. ಹಾಗಿದ್ದರೂ ಟಿಪ್ಪಣಿಗಳನ್ನು ನಾಶಮಾಡೆಂಬ ಆಜ್ಞೆಯನ್ನು ಗೋಪ್ಯಧರ್ಮದ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ. ಗುಟ್ಟನ್ನು ಕಾಯುವುದು ಬೇರೆ. ಗುಟ್ಟು ತನಗೆ ಗೊತ್ತಿತ್ತೆಂಬುದರ ಗುರುತನ್ನು ಅಳಿಸುವುದು ಬೇರೆ.

ಆಮೇಲಿನ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಕೆಲವು ಸಂಸ್ಥಾನಗಳು ಈ ಹೊಣೆಯನ್ನು ಕಡ್ಡಾಯವಾಗಿಯೂ ಕೆಲವು ಐಚ್ಛಿಕವಾಗಿಯೂ ಸ್ವೀಕರಿಸಿದವು. ಕ್ಯಾಲಿಫೋರ್ನಿಯವು ೧೯೮೫ರಲ್ಲಿ, ಗುರುತಿಸಬಲ್ಲ ವ್ಯಕ್ತಿಯ ವಿರುದ್ಧ ರೋಗಿಯು ಗಂಭೀರವಾದ ಬೆದರಿಕೆಯನ್ನು ತನ್ನ ಬಾಯಿಂದ ತಿಳಿಸಿದಾಗ ಮಾತ್ರ ಹೊಣೆಯೆಂದು ಶಾಸನದಿಂದ ಮಿತಿಗೊಳಿಸಿತು. ೧೯೯೬ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಜೆಫಿ ಮತ್ತು ರೆಡ್ಮಂಡ್ ಮೊಕದ್ದಮೆಯಲ್ಲಿ, ಮನಶ್ಚಿಕಿತ್ಸಕನೊಡನೆ ಆಡಿದ ಮಾತುಗಳನ್ನು ಹೇಳೆಂದು ಒಕ್ಕೂಟದ ನ್ಯಾಯಾಲಯಗಳು ಒತ್ತಾಯಿಸುವಂತಿಲ್ಲವೆಂದು ಏಳಕ್ಕೆ ಎರಡು ಮತಗಳಿಂದ ನಿರ್ಣಯಿಸಿತು. ಅಲ್ಲಿ ಚಿಕಿತ್ಸೆ ಮಾಡಿದಾಕೆ ವೈದ್ಯೆಯಲ್ಲ, ಸಮಾಜಸೇವಾ ಕಾರ್ಯಕರ್ತೆ. ಆಕೆಗೂ ಆ ರಕ್ಷಣೆ ಸಲ್ಲುತ್ತದೆಂಬುದು ಆ ತೀರ್ಪಿನ ಹೊಸತನ.

೪

ನಮ್ಮ ದೇಶದಲ್ಲಿ ಚಿಕಿತ್ಸಾಲಯದ ಮನೋವಿಜ್ಞಾನಕ್ಕೆ ಕ್ರಮಬದ್ಧವಾದ ಶಿಕ್ಷಣ ಬೆಂಗಳೂರಿನಲ್ಲಿ, ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅದರ ಮರುವರ್ಷ ಆರಂಭವಾಯಿತು. ಅದೇ ಸಂಸ್ಥೆ ೧೯೭೪ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ಈಗಿನ ನಿಮ್ಹಾನ್ಸ್ ಆಯಿತು. ಹೀಗೆ ವೃತ್ತಿ ನಮ್ಮಲ್ಲಿ ಬೇರೂರಿ ಏಳು ದಶಕಗಳಾಗಿವೆ. ವೃ‌ತ್ತಿಯ ಗುಟ್ಟನ್ನು ಕುರಿತ ಕಾನೂನು ಮಾತ್ರ ತಡವಾಗಿ ಬಂದಿತು. ೧೯೯೮ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಒಬ್ಬನಿಗಿದ್ದ ಎಚ್.ಐ.ವಿ. ಸೋಂಕನ್ನು ಆಸ್ಪತ್ರೆ ಪ್ರಕಟಿಸಿದ್ದರಿಂದ ಆತನ ಮದುವೆ ಮುರಿದುಬಿದ್ದ ಪ್ರಕರಣದಲ್ಲಿ, ಮದುವೆಯಾಗಲಿದ್ದವಳ ಜೀವದ ಹಕ್ಕು ರೋಗಿಯ ಗುಟ್ಟಿನ ಹಕ್ಕಿಗಿಂತ ಮಿಗಿಲೆಂದಿತು. ಅದು ದೇಹದ ಕಾಯಿಲೆಯ ಮಾತು. ಮನಸ್ಸಿನ ಕಾಯಿಲೆಯ ಮಟ್ಟಿಗೆ ಸ್ಪಷ್ಟವಾದ ಶಾಸನ ದೊರೆತದ್ದು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದಲ್ಲಿ. ಅದು ೨೦೧೮ರ ಮೇ ೨೯ರಿಂದ ಜಾರಿಗೆ ಬಂದಿತು.

ಆ ಅಧಿನಿಯಮದ ೨೩ನೆಯ ಕಲಮು ಗುಟ್ಟನ್ನು ರೋಗಿಯ ಹಕ್ಕೆಂದು ಕರೆಯುತ್ತದೆ. ಚಿಕಿತ್ಸೆ ಕೊಡುವವರೆಲ್ಲರೂ ಅದನ್ನು ಕಾಯಬೇಕೆಂದು ವಿಧಿಸಿ, ಬಳಿಕ ಅಪವಾದಗಳನ್ನು ಹೇಳುತ್ತದೆ. ಬೇರೊಬ್ಬರನ್ನು ಹಾನಿಯಿಂದ ಅಥವಾ ಹಿಂಸೆಯಿಂದ ರಕ್ಷಿಸಲು ಅಗತ್ಯವಾದಾಗ ಮಾಹಿತಿಯನ್ನು ಹೊರಗೆಡಹಬಹುದು. ಆದರೆ ಗುರುತಿಸಲ್ಪಟ್ಟ ಆ ಹಾನಿಯನ್ನು ತಡೆಯಲು ಎಷ್ಟು ಬೇಕೋ ಅಷ್ಟನ್ನು ಮಾತ್ರ. ಈ ‘ಅಷ್ಟನ್ನು ಮಾತ್ರ’ ಎಂಬುದು ಬೆಲೆಯುಳ್ಳ ನಿಬಂಧನೆ. ಎಷ್ಟು ಹೇಳಬೇಕೆಂಬುದಕ್ಕೆ ಇಲ್ಲಿ ಉತ್ತರ ದೊರೆಯಿತು. ಹೇಳಲೇಬೇಕೆಂಬ ಕಟ್ಟು ಇಲ್ಲ, ಹೇಳಬಹುದೆಂಬ ಅನುಮತಿ ಮಾತ್ರ. ಯಾರಿಗೆ ಹೇಳಬೇಕೆಂಬುದನ್ನು ಈ ಅಪವಾದವು ಚಿಕಿತ್ಸಕನ ವಿವೇಕಕ್ಕೇ ಬಿಟ್ಟಿದೆ. ಇತ್ತ ೧೮೭೨ರ ಸಾಕ್ಷ್ಯ ಅಧಿನಿಯಮದ ಸ್ಥಾನಕ್ಕೆ ೨೦೨೪ರ ಜುಲೈ ೧ರಿಂದ ಬಂದ ಹೊಸ ಅಧಿನಿಯಮವೂ ವಕೀಲನ ಗುಟ್ಟಿಗೆ ಇದ್ದ ರಕ್ಷಣೆಯನ್ನು ಮುಂದುವರಿಸಿದೆ. ಚಿಕಿತ್ಸಕನಿಗಾಗಲಿ ಸಮಾಲೋಚಕನಿಗಾಗಲಿ ಅಂಥದನ್ನು ಸೇರಿಸಿಲ್ಲ.

ಇದು ದೂರದ ವಿಷಯವಲ್ಲ. ೨೦೨೫ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದ್ಯಾರ್ಥಿಗಳ ಆತ್ಮಹತ್ಯೆಗಳನ್ನು ಕುರಿತ ತೀರ್ಪಿನಲ್ಲಿ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹತೆಯುಳ್ಳ ಒಬ್ಬ ಸಮಾಲೋಚಕನಾದರೂ ಇರಬೇಕೆಂದು ನಿರ್ದೇಶಿಸಿತು. ಈ ಕೆಲಸವನ್ನು ನಮ್ಮ ಕಾಲೇಜುಗಳಲ್ಲಿ ಎಷ್ಟೋ ಕಾಲದಿಂದ ಅಧ್ಯಾಪಕರು, ತರಬೇತಿಯಿಲ್ಲದೆ, ಪಾಠದ ನಡುವಿನ ಬಿಡುವಿನಲ್ಲಿ, ಮಾಡುತ್ತ ಬಂದಿದ್ದಾರೆ. ಲೇಖಕನ ಅನುಭವಕ್ಕೆ ಬಂದ ಒಂದು ಸಣ್ಣ ಸಂಗತಿಯನ್ನು ಇಲ್ಲಿ ಹೇಳಬಹುದು. ಕೆಲವು ವರ್ಷಗಳ ಹಿಂದೆ, ಆಗ ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ, ಒಬ್ಬ ವಿದ್ಯಾರ್ಥಿ ತನ್ನ ಮನೆಯ ಒಂದು ದುಃಖವನ್ನು ಹೇಳಿಕೊಂಡು, ‘ಸಾರ್, ಇದನ್ನು ಯಾರಿಗೂ ಹೇಳಬೇಡಿ’ ಎಂದು ಬೇಡಿಕೊಂಡನು. ಶುಲ್ಕ ಕಟ್ಟಲು ಅವನಿಗೆ ಕಾಲಾವಕಾಶ ಬೇಕಾಗಿತ್ತು. ಒಳ್ಳೆಯದನ್ನೇ ಮಾಡುತ್ತಿದ್ದೇನೆಂಬ ನಂಬಿಕೆಯಿಂದ ಲೇಖಕನು ಕಾರಣಸಮೇತವಾಗಿ ಕಚೇರಿಗೆ ಒಂದು ಚೀಟಿ ಬರೆದನು. ಕಾಲಾವಕಾಶ ಸಿಕ್ಕಿತು. ಮೂರು ದಿನಗಳಲ್ಲಿ ಚೀಟಿಯಲ್ಲಿದ್ದ ಕಾರಣ ಅಧ್ಯಾಪಕರ ಕೊಠಡಿಯಲ್ಲಿ ಕಾಫಿಯ ಜೊತೆಗಿನ ಮಾತಾಗಿತ್ತು. ಆ ಹುಡುಗ ಆ ವರ್ಷವೆಲ್ಲ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತನು. ಲೇಖಕನ ಕೊಠಡಿಗೆ ಮತ್ತೆ ಬರಲಿಲ್ಲ. ಕಾಲಾವಕಾಶಕ್ಕೆ ಕಾರಣವನ್ನು ಬರೆಯಬೇಕಾಗಿರಲಿಲ್ಲ. ‘ಅಧ್ಯಾಪಕನಿಗೆ ತಿಳಿದ ಕಾರಣದಿಂದ’ ಎಂದಿದ್ದರೆ ಸಾಕಾಗುತ್ತಿತ್ತು. ೨೩ನೆಯ ಕಲಮಿನ ‘ಅಷ್ಟನ್ನು ಮಾತ್ರ’ ಎಂಬ ಮಾತನ್ನು ಓದಿದಾಗಲೆಲ್ಲ ಆ ಚೀಟಿ ನೆನಪಾಗುತ್ತದೆ.

ಈಗ ಕಾಲೇಜುಗಳಲ್ಲಿ ಸಮಾಲೋಚಕರ ಕೊಠಡಿಗಳು ಏರ್ಪಡುತ್ತಿರುವಾಗ ಕೇಳಬೇಕಾದ ಪ್ರಶ್ನೆಗಳು ಬಹುಮಟ್ಟಿಗೆ ಆಡಳಿತಕ್ಕೆ ಸೇರಿದವು. ಅಲ್ಲಿ ಬರೆದಿಟ್ಟ ಟಿಪ್ಪಣಿಗಳು ಯಾರ ಬೀಗದಲ್ಲಿರುತ್ತವೆ? ಪ್ರಾಂಶುಪಾಲರು ಕೇಳಿದರೆ ಸಮಾಲೋಚಕನು ಕೊಡಬೇಕೆ? ಸಮಾಲೋಚಕನಿಗೆ ಸಂಬಳ ಕೊಡುವವರೂ ಶಿಸ್ತಿನ ಕ್ರಮ ಕೈಕೊಳ್ಳುವವರೂ ಒಬ್ಬರೇ ಆದಾಗ, ವಿದ್ಯಾರ್ಥಿಗೆ ಮೊದಲ ದಿನವೇ ಏನನ್ನು ತಿಳಿಸತಕ್ಕದ್ದು? ಅಪಾಯದ ಮಾತು ಬಂದಾಗ ಸಮಾಲೋಚಕನ ಸಂದೇಶವನ್ನು ತಡೆಯುವ ಅಧಿಕಾರ ಮೇಲಿನ ಯಾರಿಗಾದರೂ ಇರಬೇಕೆ? ೨೦೧೭ರ ಅಧಿನಿಯಮದ ೨೫ನೆಯ ಕಲಮು ರೋಗಿಗೆ ತನ್ನ ದಾಖಲೆಗಳನ್ನು ನೋಡುವ ಹಕ್ಕನ್ನು ಕೊಟ್ಟಿದೆ. ಮಾನಸಿಕ ಕಾಯಿಲೆಯ ಹೆಸರನ್ನು ಹೊರದೆ, ಬರಿಯ ದುಗುಡದಿಂದ ಆ ಕೊಠಡಿಗೆ ಬರುವ ವಿದ್ಯಾರ್ಥಿಗೂ ಅದೇ ಹಕ್ಕು ಇರುವಂತೆ ವಿಶ್ವವಿದ್ಯಾನಿಲಯಗಳು ತಮ್ಮ ನಿಯಮಾವಳಿಗಳಲ್ಲಿಯೇ ಬರೆದುಕೊಳ್ಳಬಹುದು. ಅದಕ್ಕೆ ಹೊಸ ಶಾಸನ ಬೇಕಾಗಿಲ್ಲ. ಇಂಥ ನಿಯಮಾವಳಿಯನ್ನು ರಚಿಸುವವರು ಹಾಬ್ಸ್ ಸಮಿತಿಯ ಕ್ರಮವನ್ನು ಅನುಸರಿಸಿ, ಮೊದಲು ನಮ್ಮ ಕಾಲೇಜುಗಳ ಅಧ್ಯಾಪಕರಿಂದಲೂ ವಸತಿನಿಲಯಗಳ ಮೇಲ್ವಿಚಾರಕರಿಂದಲೂ ಇಂಥ ಸಂದರ್ಭಗಳನ್ನು, ಹೆಸರುಗಳನ್ನು ಬಿಟ್ಟು, ಬರೆಯಿಸಿ ತರಿಸಿಕೊಳ್ಳಬಹುದಾಗಿದೆ. ಲೇಖಕನ ಚೀಟಿಯ ಕಥೆಯನ್ನು ಅದಕ್ಕಾಗಿಯೇ ಇಲ್ಲಿ ಮೊದಲನೆಯದಾಗಿ ದಾಖಲಿಸಿದೆ.